ಅನುಮಾನಕ್ಕೂ ಒಂದು ಅವಧಿ ಬೇಡವೇ?

2017ರ ಆಗಸ್ಟ್ ತಿಂಗಳ ಒಂದು ಭಾನುವಾರ ತಿಪಟೂರು ತಾಲ್ಲೂಕಿನ ನಮ್ಮ ಊರಿಗೆ ಫೋನ್ ಮಾಡಿ, ಅಮ್ಮನಿಗೆ ಆಕೆ ಹುಟ್ಟಿದ ದಿನಾಂಕ ಕೇಳಿದೆ. ‘ಅದ್ಯಾಕಪ್ಪಾ ಈಗ?’ ಎಂದಳು. ಹೊಸ ಕೆಲಸಕ್ಕೆ ಅರ್ಜಿ ತುಂಬಬೇಕಾಗಿದೆ ಎಂದೆ. ‘ಕೆಲಸ ನಿಂದು, ಹುಟ್ಟಿದ ದಿನ ನಂದ್ಯಾಕೆ?’ ಎಂದು ನಕ್ಕಳು. ಕೆರೆ ಕೋಡಿ ಬಿದ್ದ ವರ್ಷ, ಗೌರಿ ಹಬ್ಬದ ಹಿಂದು ಮುಂದು ತಾನು ಹುಟ್ಟಿದ್ದೆಂದು ಅಜ್ಜಿ ಹೇಳುತ್ತಿದ್ದುದನ್ನು ನೆನಪಿಸಿಕೊಂಡಳು. ಪಡಿತರ ಚೀಟಿಯಲ್ಲಿ ಒಂದು ವಯಸ್ಸಿತ್ತು, ಮತದಾರರ ಚೀಟಿಯಲ್ಲಿ ಇನ್ನೊಂದು. ಆಧಾರ್ ಕಾರ್ಡಿನಲ್ಲಿ ಆಕೆಯ ಪೀಳಿಗೆಯ ಅಸಂಖ್ಯ ಹಳ್ಳಿಗರಂತೆ ಆಕೆಯೂ ಜನವರಿ ಒಂದರಂದು ಹುಟ್ಟಿದ್ದಳು. ನನ್ನ ಮುಂದಿದ್ದ ಅರ್ಜಿಯಾದರೋ ದಿನ, ತಿಂಗಳು, ವರ್ಷ ಮೂರನ್ನೂ ಕೇಳುತ್ತಿತ್ತು. ಪಕ್ಕದಲ್ಲಿ ‘ಅಂದಾಜು’ ಎಂದು ಗುರುತು ಹಾಕಲು ಒಂದು ಸಣ್ಣ ಚೌಕವಿತ್ತು. ಅದಕ್ಕೆ ಗುರುತು ಹಾಕಿದೆ. ಆ ಅರ್ಜಿಯಲ್ಲಿ ನಾನು ಅಂದಾಜಿನ ಮೇಲೆ ಹೇಳಿದ ಕೆಲವೇ ಸಂಗತಿಗಳಲ್ಲಿ ನನ್ನ ತಾಯಿಯ ಜನನವೂ ಒಂದು.

ನಾನು ಅಮೆರಿಕಕ್ಕೆ ಹೋದದ್ದು 2000ದಲ್ಲಿ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಮೂರು ವರ್ಷ ದುಡಿದು, ಎಲ್ಲರೂ ಹೋಗುತ್ತಿದ್ದ ಕಾಲದಲ್ಲಿ ನಾನೂ ವಿಮಾನ ಹತ್ತಿದೆ. 2013ರಲ್ಲಿ ಆ ದೇಶದ ಪೌರತ್ವ ಸಿಕ್ಕಿತು. ನಾನಿರುವ ವರ್ಜೀನಿಯಾ ರಾಜ್ಯದ ಉತ್ತರ ಭಾಗ ರಾಜಧಾನಿ ವಾಷಿಂಗ್ಟನ್‌ಗೆ ಅಂಟಿಕೊಂಡಿದೆ. ಇಲ್ಲಿ ಸರ್ಕಾರವೇ ದೊಡ್ಡ ಗಿರಾಕಿ. ರಕ್ಷಣಾ ಇಲಾಖೆ, ಗುಪ್ತಚರ ಸಂಸ್ಥೆಗಳು, ಗಡಿ ಮತ್ತು ಆಂತರಿಕ ಭದ್ರತೆಯ ಇಲಾಖೆಗಳು ತಮ್ಮ ಕಂಪ್ಯೂಟರ್ ಕೆಲಸದ ಬಹುಪಾಲನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡುತ್ತವೆ. ಅಂಥ ಒಂದು ಕಂಪನಿ 2017ರ ಬೇಸಿಗೆಯಲ್ಲಿ ನನ್ನನ್ನು ಕೆಲಸಕ್ಕೆ ಕರೆಯಿತು. ನೇಮಕಾತಿ ಪತ್ರದಲ್ಲಿ ಒಂದು ಷರತ್ತಿತ್ತು: ಸರ್ಕಾರದಿಂದ ‘ಸೆಕ್ಯುರಿಟಿ ಕ್ಲಿಯರೆನ್ಸ್’ ದೊರೆತರೆ ಮಾತ್ರ ಈ ಹುದ್ದೆ.

ಭದ್ರತಾ ಪರವಾನಗಿ ಎಂದು ಅದನ್ನು ಕನ್ನಡಿಸಬಹುದು. ಸರ್ಕಾರದ ಗುಟ್ಟುಗಳನ್ನು ಈ ಮನುಷ್ಯನ ಕೈಗೆ ಕೊಡಬಹುದು ಎಂದು ಸರ್ಕಾರವೇ ಕೊಡುವ ಒಪ್ಪಿಗೆ ಅದು. ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಎಂದು ಮೂರು ಮೆಟ್ಟಿಲುಗಳು. ನನ್ನ ಹುದ್ದೆಗೆ ಬೇಕಾಗಿದ್ದುದು ಮೂರನೆಯದು. ಡ್ರೈವಿಂಗ್ ಲೈಸೆನ್ಸಿನಂತೆ ಇದಕ್ಕೆ ನಾವಾಗಿಯೇ ಅರ್ಜಿ ಹಾಕುವಂತಿಲ್ಲ. ಅರ್ಹತೆ ಪಡೆದ ಕಂಪನಿಯೊಂದು, ಈತ ನಮಗೆ ಬೇಕು ಎಂದು ನಮ್ಮ ಹೆಸರನ್ನು ಮುಂದಿಡಬೇಕು. ಅಭ್ಯರ್ಥಿ ಪೌರನಾಗಿರಬೇಕೆಂಬುದು ಅಧ್ಯಕ್ಷ ಕ್ಲಿಂಟನ್ 1995ರಲ್ಲಿ ಹೊರಡಿಸಿದ ಆದೇಶದ ನಿಯಮ. ಕೆಲಸ ಬೇಕೆಂದರೆ ಪರವಾನಗಿ ಬೇಕು, ಪರವಾನಗಿ ಬೇಕೆಂದರೆ ಕೆಲಸ ಕೊಡುವವರು ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಅರ್ಜಿಯ ಹೆಸರು ಎಸ್ಎಫ್-86. ನೂರಕ್ಕೂ ಹೆಚ್ಚು ಪುಟಗಳದು. ಹತ್ತು ವರ್ಷಗಳಲ್ಲಿ ವಾಸವಿದ್ದ ಪ್ರತಿಯೊಂದು ಮನೆ, ಮಾಡಿದ ಪ್ರತಿಯೊಂದು ಕೆಲಸ, ಅವೆಲ್ಲದರ ನಡುವಿನ ಬಿಡುವುಗಳು ಎಲ್ಲವನ್ನೂ ತಿಂಗಳಿಗೆ ತಿಂಗಳು ಹೊಂದಿಸಿ ಬರೆಯಬೇಕು. ನಿರುದ್ಯೋಗಿಯಾಗಿದ್ದರೆ, ಹೌದು ಈತ ನಿರುದ್ಯೋಗಿಯಾಗಿದ್ದ ಎಂದು ಸಾಕ್ಷಿ ನುಡಿಯುವವರ ಹೆಸರೂ ಬೇಕು. ಸಾಲ, ಕುಡಿತ, ಮಾದಕವಸ್ತು, ಪೊಲೀಸ್ ಕೇಸು, ಮನೋವೈದ್ಯರ ಭೇಟಿ ಎಲ್ಲಕ್ಕೂ ಪ್ರತ್ಯೇಕ ಅಧ್ಯಾಯಗಳಿವೆ. ಕೊನೆಯಲ್ಲಿ ಸಹಿ ಹಾಕುವಾಗ, ತಿಳಿದೂ ಸುಳ್ಳು ಹೇಳಿದರೆ ಐದು ವರ್ಷಗಳವರೆಗೆ ಜೈಲು ಎಂಬ ಎಚ್ಚರಿಕೆ.

ಇವು ಯಾವುವೂ ನನ್ನನ್ನು ಕಾಡಲಿಲ್ಲ. ಮಧ್ಯಮ ವರ್ಗದ ಕನ್ನಡಿಗನೊಬ್ಬನ ಬದುಕು ಈ ದೃಷ್ಟಿಯಿಂದ ಬಹಳ ನೀರಸವಾದದ್ದು. ನಾನು ತಡವರಿಸಿದ್ದು ಬಂಧುಬಳಗದ ಪುಟಗಳಲ್ಲಿ. ತಂದೆ, ತಾಯಿ, ಒಡಹುಟ್ಟಿದವರು, ಅತ್ತೆ, ಮಾವ ಇವರಲ್ಲಿ ಪರದೇಶದ ಪ್ರಜೆಗಳಾದ ಪ್ರತಿಯೊಬ್ಬರ ವಿಳಾಸ, ಉದ್ಯೋಗ, ಅವರಿಗೆ ಆ ದೇಶದ ಸರ್ಕಾರ, ಸೇನೆ, ರಕ್ಷಣಾ ಉದ್ಯಮಗಳೊಡನೆ ಇರುವ ಸಂಬಂಧ ಇಷ್ಟನ್ನೂ ಕೊಡಬೇಕು. ಅವರೊಡನೆ ಮಾತನಾಡುವುದು ದಿನಕ್ಕೊಮ್ಮೆಯೋ, ವಾರಕ್ಕೊಮ್ಮೆಯೋ, ತಿಂಗಳಿಗೊಮ್ಮೆಯೋ ಎಂದು ಗುರುತಿಸಬೇಕು. ಕೆಇಬಿಯಲ್ಲಿ ಲೈನ್‌ಮನ್ ಆಗಿ ಸೇರಿ ಮೇಸ್ತ್ರಿಯಾಗಿ ನಿವೃತ್ತರಾದ ನನ್ನ ಅಪ್ಪ, ಅರ್ಜಿಯ ಭಾಷೆಯಲ್ಲಿ, ವಿದೇಶಿ ಸರ್ಕಾರದೊಡನೆ ಸಂಬಂಧವಿದ್ದ ವ್ಯಕ್ತಿಯಾದರು. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ತಮ್ಮನೂ ಹಾಗೆಯೇ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿರುವ ಚಿಕ್ಕಪ್ಪನ ಮಗನನ್ನು ನಾನು ಅಣ್ಣನೆಂದೇ ಕರೆಯುತ್ತೇನೆ. ಅವನು ನಿಕಟ ವಿದೇಶಿ ಸಂಪರ್ಕಗಳ ಪಟ್ಟಿಗೆ ಹೋದ. ಅಲ್ಲಿ ರಕ್ಷಣಾ ಉದ್ಯಮದ ನೌಕರನಾದ.

ನಮ್ಮ ಹೆಸರುಗಳೂ ಅರ್ಜಿಗೆ ಒಗ್ಗಲಿಲ್ಲ. ಅಪ್ಪನ ಹೆಸರಿನ ಮುಂದಿನ ಎರಡು ಅಕ್ಷರಗಳಲ್ಲಿ ಒಂದು ಊರಿನದು, ಇನ್ನೊಂದು ಅವರಪ್ಪನದು. ಹಾಗಾದರೆ ಕುಲನಾಮ ಯಾವುದು? ಹಳ್ಳಿಯ ಮನೆಗೆ ಬೀದಿಯ ಹೆಸರಿಲ್ಲ, ಸಂಖ್ಯೆಯಿಲ್ಲ. ಆಂಜನೇಯನ ಗುಡಿಯ ಹಿಂದೆ ಎಂಬುದೇ ವಿಳಾಸ. ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಒಸಿಐ ಕಾರ್ಡೆಂಬುದು ಹೆಸರಿನಲ್ಲಿ ಪೌರತ್ವವೆನಿಸಿದರೂ ನಿಜವಾಗಿ ಜೀವಾವಧಿ ವೀಸಾ ಮಾತ್ರ ಎಂಬುದನ್ನು ವಿವರಿಸಿ ಅರ್ಧ ಪುಟ ಬರೆದೆ. ಅಜ್ಜನ ಕಾಲದ ನಾಲ್ಕು ಎಕರೆ ತೆಂಗಿನ ತೋಟದ ಪಹಣಿಯಲ್ಲಿ ಜಂಟಿಯಾಗಿ ನನ್ನ ಹೆಸರೂ ಇತ್ತು. ಅದು ಪರದೇಶದ ಸ್ಥಿರಾಸ್ತಿ. ಅದರ ಬೆಲೆ ಎಷ್ಟೆಂದು ಡಾಲರಿನಲ್ಲಿ ಹೇಳಬೇಕಾಗಿತ್ತು. ‘ಮಾರುವ ಮಾತಿಲ್ಲದ ತೋಟಕ್ಕೆ ಬೆಲೆ ಕಟ್ಟೋದು ಹೇಗಪ್ಪಾ?’ ಎಂದು ಅಪ್ಪ ಕೇಳಿದರು. ಆ ಪ್ರಶ್ನೆಗೆ ಅರ್ಜಿಯಲ್ಲಿ ಜಾಗವಿರಲಿಲ್ಲ.

ತುಂಬಿ ಮುಗಿಸಿದ ರಾತ್ರಿ ಮತ್ತೊಮ್ಮೆ ಓದಿದೆ. ನಾನು ಯಾವುದನ್ನು ಬದುಕಿನ ಆಸ್ತಿ ಎಂದುಕೊಂಡಿದ್ದೆನೋ ಅದೆಲ್ಲ ಅಪಾಯದ ಪಟ್ಟಿಯಾಗಿ ಅಲ್ಲಿ ಸಾಲುಗಟ್ಟಿ ನಿಂತಿತ್ತು. ಅವಹೇಳನ ಮಾಡಲು ಈ ಮಾತು ಹೇಳುತ್ತಿಲ್ಲ. ಪರವಾನಗಿ ಕೊಡುವವರು ಅನುಸರಿಸುವ 13 ಮಾರ್ಗಸೂಚಿಗಳಲ್ಲಿ ‘ವಿದೇಶಿ ಪ್ರಭಾವ’ ಎಂಬುದು ಒಂದು. ತಾಯಿಯನ್ನು ಪ್ರೀತಿಸುವವನನ್ನು ತಾಯಿಯ ಮೂಲಕ ಬೆದರಿಸಬಹುದು ಎಂಬುದು ಅದರ ಹಿಂದಿನ ತರ್ಕ. ತರ್ಕ ಸರಿಯಾಗಿಯೇ ಇದೆ. ಪ್ರೀತಿಯಿಲ್ಲದವನೇ ಹೆಚ್ಚು ಭದ್ರ ಎಂಬುದು ಅದರ ಇನ್ನೊಂದು ಮುಖ, ಅಷ್ಟೆ.

ಆಗಸ್ಟ್ ಕೊನೆಯಲ್ಲಿ ಅರ್ಜಿ ಹೋಯಿತು. ಬೆರಳಚ್ಚು ಕೊಟ್ಟೆ. ಅನಂತರ ಶುರುವಾದದ್ದು ಕಾಯುವಿಕೆ.

ಐದು ತಿಂಗಳು ಕಂಪನಿ ನನ್ನನ್ನು ಗುಟ್ಟಿಲ್ಲದ ಸಣ್ಣಪುಟ್ಟ ಕೆಲಸಗಳಲ್ಲಿ ಇರಿಸಿಕೊಂಡಿತು. ಪರವಾನಗಿ ಇದ್ದವರು ಮೊಬೈಲ್ ಫೋನನ್ನು ಹೊರಗಿನ ಗೂಡಿನಲ್ಲಿಟ್ಟು, ಕಿಟಕಿಯಿಲ್ಲದ ಕೋಣೆಯೊಳಗೆ ಹೋಗುತ್ತಿದ್ದರು. ನಾನು ಹೊರಗೆ ಕುಳಿತು ಬಳಕೆದಾರರ ಕೈಪಿಡಿ ತಿದ್ದುತ್ತಿದ್ದೆ. ಗುತ್ತಿಗೆ ಕಂಪನಿಯ ಲೆಕ್ಕಾಚಾರ ಸರಳ: ನಾನು ಕೋಣೆಯೊಳಗೆ ದುಡಿದ ಗಂಟೆಗಳಿಗೆ ಮಾತ್ರ ಸರ್ಕಾರ ಹಣ ಕೊಡುತ್ತದೆ, ಹೊರಗೆ ಕುಳಿತದ್ದೆಲ್ಲ ಕಂಪನಿಯ ಖರ್ಚು. 2018ರ ಜನವರಿ ಕೊನೆಯಲ್ಲಿ, ಪರವಾನಗಿ ಬಂದ ದಿನ ಬನ್ನಿ ಎಂದು ಸಭ್ಯವಾಗಿ ಹೇಳಿ ಸಂಬಳವಿಲ್ಲದ ರಜೆಯ ಮೇಲೆ ಕಳುಹಿಸಿದರು. ಅವರನ್ನು ನಾನು ದೂರುವುದಿಲ್ಲ. ಬೇರೆ ಕಡೆ ಕಾಯಂ ಕೆಲಸ ಹಿಡಿದರೆ ಈ ಕಂಪನಿಯ ಬೆಂಬಲ ತಪ್ಪಿ ಅರ್ಜಿಯೇ ನಿಂತುಹೋಗುತ್ತದೆಂಬ ಭಯ ನನ್ನದು. ಸಂಜೆ ಕಾಲೇಜಿನಲ್ಲಿ ಪಾಠ ಹೇಳುತ್ತಾ, ಮೂರು ಮೂರು ತಿಂಗಳ ಬಿಡಿ ಕೆಲಸ ಮಾಡುತ್ತಾ, ಹೆಂಡತಿಯ ಸಂಬಳದಲ್ಲಿ ಮನೆಯ ಸಾಲದ ಕಂತು ಕಟ್ಟುತ್ತಾ ದಿನ ದೂಡಿದೆ. ಕಂತು ತಪ್ಪುವಂತಿರಲಿಲ್ಲ. ಏಕೆಂದರೆ ಆ 13 ಮಾರ್ಗಸೂಚಿಗಳಲ್ಲಿ ಹಣಕಾಸಿನ ಶಿಸ್ತೂ ಒಂದು. ಕಾಯಿಸಿ ಸಾಲಗಾರನನ್ನಾಗಿ ಮಾಡಿ, ಸಾಲಗಾರನಾದದ್ದಕ್ಕೆ ಅನುಮಾನಿಸುವ ಸಾಧ್ಯತೆ ಈ ವ್ಯವಸ್ಥೆಯಲ್ಲೇ ಇದೆ.

ತಿಂಗಳಿಗೊಮ್ಮೆ ಕಂಪನಿಯ ಭದ್ರತಾ ಅಧಿಕಾರಿಗೆ ಫೋನ್ ಮಾಡುತ್ತಿದ್ದೆ. ‘ತನಿಖೆ ನಡೆಯುತ್ತಿದೆ’ ಎಂಬುದಕ್ಕಿಂತ ಹೆಚ್ಚಿನ ಮಾಹಿತಿ ಆಕೆಗೂ ಕಾಣುತ್ತಿರಲಿಲ್ಲ. ಯಾರ ಕೈಯಲ್ಲಿ, ಯಾವ ಹಂತದಲ್ಲಿ, ಎಷ್ಟು ದಿನ ಎಂಬುದನ್ನು ಕೇಳುವ ಕಿಟಕಿಯೇ ಇರಲಿಲ್ಲ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಕಡತ ಎಲ್ಲಿದೆ ಎಂದು ಹೇಳಲು ಒಬ್ಬ ಗುಮಾಸ್ತರಾದರೂ ಸಿಗುತ್ತಾರೆ. ಬೈದುಕೊಳ್ಳಲಾದರೂ ಒಂದು ಮುಖವಿರುತ್ತದೆ.

ನಾನೊಬ್ಬನೇ ಕಾಯುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. 2018ರ ವಸಂತದ ಹೊತ್ತಿಗೆ ಬಾಕಿ ಉಳಿದಿದ್ದ ತನಿಖೆಗಳ ಸಂಖ್ಯೆ ಸುಮಾರು 7 ಲಕ್ಷ 25 ಸಾವಿರ. ಟಾಪ್ ಸೀಕ್ರೆಟ್ ಅರ್ಜಿಯೊಂದು ಇತ್ಯರ್ಥವಾಗಲು ಸರಾಸರಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಶೇ 90ರಷ್ಟು ಅರ್ಜಿಗಳು ಸರಾಸರಿ 60 ದಿನಗಳಲ್ಲಿ ತೀರ್ಮಾನವಾಗಬೇಕೆಂಬ ಗುರಿಯನ್ನು ಅಮೆರಿಕದ ಸಂಸತ್ತು 2004ರಲ್ಲೇ ಕಾನೂನಿನಲ್ಲಿ ಬರೆದಿಟ್ಟಿತ್ತು! ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2018ರ ಜನವರಿಯಲ್ಲಿ ಈ ವ್ಯವಸ್ಥೆಯನ್ನು ‘ಅತಿ ಅಪಾಯ’ದ ಸರ್ಕಾರಿ ಕಾರ್ಯಕ್ರಮಗಳ ಪಟ್ಟಿಗೆ ಸೇರಿಸಿತು.

ಈ ಗುಡ್ಡ ಬೆಳೆದ ಬಗೆಯೂ ಸ್ವಾರಸ್ಯಕರ. ಇಂಥ ತನಿಖೆಗಳ ಬಹುಪಾಲನ್ನು ಸರ್ಕಾರ ಖಾಸಗಿ ಕಂಪನಿಗಳಿಗೇ ಗುತ್ತಿಗೆ ಕೊಟ್ಟಿತ್ತು. ಅಂದರೆ ಗುತ್ತಿಗೆಯ ನೌಕರನನ್ನು ನಂಬಬಹುದೇ ಎಂದು ಇನ್ನೊಬ್ಬ ಗುತ್ತಿಗೆಯ ನೌಕರ ಪರೀಕ್ಷಿಸುತ್ತಿದ್ದ. 2013ರ ಜೂನ್‌ನಲ್ಲಿ ಗುತ್ತಿಗೆ ಕಂಪನಿಯ ನೌಕರನಾಗಿದ್ದ ಎಡ್ವರ್ಡ್ ಸ್ನೋಡೆನ್ ಸರ್ಕಾರದ ಗುಪ್ತ ದಾಖಲೆಗಳನ್ನು ಪತ್ರಿಕೆಗಳ ಕೈಗಿತ್ತ. ಅದೇ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನ ನೌಕಾಪಡೆಯ ಆವರಣದೊಳಗೆ, ಪರವಾನಗಿ ಹೊಂದಿದ್ದ ಗುತ್ತಿಗೆ ನೌಕರನೊಬ್ಬ 12 ಜನರನ್ನು ಗುಂಡಿಟ್ಟು ಕೊಂದ. ಈ ಇಬ್ಬರ ಹಿನ್ನೆಲೆಯನ್ನು ಪರಿಶೀಲಿಸಿದ್ದು ಒಂದೇ ಖಾಸಗಿ ಕಂಪನಿ. ಆರೂವರೆ ಲಕ್ಷಕ್ಕೂ ಹೆಚ್ಚು ತನಿಖೆಗಳನ್ನು ಪೂರ್ತಿಗೊಳಿಸದೆಯೇ ಮುಗಿದವೆಂದು ಸಲ್ಲಿಸಿದ ಆರೋಪ ಆ ಕಂಪನಿಯ ಮೇಲೆ ಬಂತು. 2014ರಲ್ಲಿ ಸರ್ಕಾರ ಅದರ ಗುತ್ತಿಗೆಯನ್ನು ಕೊನೆಗೊಳಿಸಿತು. ಒಮ್ಮೆಲೇ ತನಿಖೆ ಮಾಡುವ ಕೈಗಳೇ ಇಲ್ಲವಾದವು. 2015ರಲ್ಲಿ ಇನ್ನೊಂದು ಆಘಾತ. ಇಂಥ ಅರ್ಜಿಗಳನ್ನೆಲ್ಲ ಕಾಪಿಟ್ಟಿದ್ದ ಸರ್ಕಾರಿ ಕಚೇರಿಯ ಕಂಪ್ಯೂಟರುಗಳಿಗೆ ಕನ್ನ ಬಿದ್ದು, 2 ಕೋಟಿ 15 ಲಕ್ಷ ಜನರ ವಿವರಗಳೂ 56 ಲಕ್ಷ ಜನರ ಬೆರಳಚ್ಚುಗಳೂ ಕಳುವಾದವು. ಗುಟ್ಟು ಕಾಯುವಿಯಾ ಎಂದು ಪ್ರಜೆಯನ್ನು ಕೇಳಿದ ಸರ್ಕಾರವೇ ಪ್ರಜೆ ಕೊಟ್ಟ ಗುಟ್ಟನ್ನು ಕಾಯದೇ ಹೋಯಿತು.

ಆದ್ದರಿಂದ ತನಿಖೆಯೇ ಬೇಡ ಎಂಬ ವಾದ ನನ್ನದಲ್ಲ. ಆ 12 ಜನ ಬೆಳಿಗ್ಗೆ ಕೆಲಸಕ್ಕೆಂದು ಮನೆಯಿಂದ ಹೊರಟವರು. ನಾಲ್ಕು ಜನರ ಜೀವ ಕೈಯಲ್ಲಿರುವಾಗ ಸರ್ಕಾರ ಅನುಮಾನಿಸಬೇಕು. ಅದು ಅದರ ಹಕ್ಕು ಮಾತ್ರವಲ್ಲ, ಕರ್ತವ್ಯ. ನನ್ನ ಪ್ರಶ್ನೆ ಅನುಮಾನದ ಅವಧಿಯ ಬಗ್ಗೆ. ಉತ್ತರವಿಲ್ಲದ ಅನುಮಾನ ಮನುಷ್ಯನನ್ನು ಏನು ಮಾಡುತ್ತದೆ ಎಂಬುದು ನನಗೆ ತಿಳಿದದ್ದು 2018ರ ಏಪ್ರಿಲ್‌ನಲ್ಲಿ.

ತೋಟದಲ್ಲಿ ಜಾರಿ ಬಿದ್ದು ಅಪ್ಪನ ಸೊಂಟದ ಮೂಳೆ ಮುರಿಯಿತು. ತುಮಕೂರಿನಲ್ಲಿ ಶಸ್ತ್ರಚಿಕಿತ್ಸೆ ಎಂದು ತಮ್ಮ ಫೋನ್ ಮಾಡಿದ. ಟಿಕೆಟ್ ನೋಡಿದೆ. ಆಗ ಹಿಂದೊಮ್ಮೆ ಇದೇ ದಾರಿಯಲ್ಲಿ ನಡೆದಿದ್ದ ಗೆಳೆಯನೊಬ್ಬ, ‘ಸಂದರ್ಶನ ಆಗುವವರೆಗೂ ಆ ಕಡೆ ಹೋಗದಿದ್ದರೆ ಒಳ್ಳೆಯದೇನೋ. ಪ್ರತಿ ಪ್ರಯಾಣವೂ ಕಡತದಲ್ಲಿ ಇನ್ನೊಂದು ಸಾಲು’ ಎಂದ. ಹೋಗಬಾರದೆಂಬ ನಿಯಮ ಎಲ್ಲಿಯೂ ಇರಲಿಲ್ಲ. ಯಾವ ಅಧಿಕಾರಿಯೂ ಹೋಗಬೇಡ ಎನ್ನಲಿಲ್ಲ. ಕೇಳಿದ್ದರೆ ಧಾರಾಳವಾಗಿ ಹೋಗಿ ಬಾ ಎನ್ನುತ್ತಿದ್ದರೋ ಏನೋ. ಕೇಳಲು ಯಾರೂ ಇರಲಿಲ್ಲ. ನಾನು ಹೋಗಲಿಲ್ಲ. ಹಣವಿಲ್ಲ, ಬಿಡಿ ಕೆಲಸದಲ್ಲಿ ರಜೆಯಿಲ್ಲ ಎಂದು ಮನೆಯವರಿಗೆ ಹೇಳಿದೆ. ಅರ್ಜಿಯ ನೂರು ಪುಟಗಳಲ್ಲಿ ಒಂದೂ ಸುಳ್ಳು ಬರೆಯದವನು ಹೆತ್ತ ತಾಯಿಗೆ ಫೋನಿನಲ್ಲಿ ಸುಳ್ಳು ಹೇಳಿದೆ.

ಅಷ್ಟಕ್ಕೆ ನಿಲ್ಲಲಿಲ್ಲ. ಪರವಾನಗಿ ನಿರಾಕರಣೆಯ ಪ್ರಕರಣಗಳ ತೀರ್ಪುಗಳು, ಅರ್ಜಿದಾರರ ಹೆಸರು ತೆಗೆದು, ಸಾರ್ವಜನಿಕರಿಗೆ ಓದಲು ಸಿಗುತ್ತವೆ. ರಾತ್ರಿಗಳಲ್ಲಿ ಅವನ್ನು ಓದುವುದು ನನಗೊಂದು ಚಟವಾಯಿತು. ಭಾರತದಲ್ಲಿ ತಂದೆತಾಯಿ ಇರುವವರು, ಅಲ್ಲೊಂದು ಫ್ಲ್ಯಾಟ್ ಇರುವವರು, ಅಣ್ಣ ಸರ್ಕಾರಿ ಕೆಲಸದಲ್ಲಿರುವವರು. ಕೆಲವರಿಗೆ ಕೊಟ್ಟಿದ್ದಾರೆ, ಕೆಲವರಿಗಿಲ್ಲ. ನನ್ನದು ಯಾವ ಗುಂಪಿಗೆ ಸೇರುತ್ತದೆ ಎಂದು ಲೆಕ್ಕ ಹಾಕುತ್ತಾ ಕುಳಿತೆ. ತೋಟದಲ್ಲಿ ನನ್ನ ಪಾಲು ಇಲ್ಲದಿದ್ದರೆ ಕಡತದ ಒಂದು ಪುಟ ಹಗುರಾಗುತ್ತದೆ ಅನ್ನಿಸಿತು. ಜೂನ್‌ನಲ್ಲಿ ತಮ್ಮನಿಗೆ ಫೋನ್ ಮಾಡಿ, ನಿನ್ನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡುತ್ತೇನೆ ಎಂದೆ. ಅವನು ಮಾತಾಡಲಿಲ್ಲ. ಹಾಸಿಗೆಯಲ್ಲಿದ್ದ ಅಪ್ಪ ಫೋನ್ ತೆಗೆದುಕೊಂಡರು. ‘ತಮ್ಮನ ಮೇಲಿನ ಪ್ರೀತಿಗೆ ಬಿಡೋದಾದ್ರೆ ಬಿಡು, ನಾನೇ ಸಾಕ್ಷಿ ಹಾಕ್ತೀನಿ. ಯಾರಿಗೋ ಹೆದರಿ ಬಿಡಬೇಡ’ ಎಂದರು. ನನ್ನ ಕಾರಣ ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ಪತ್ರ ಬರೆಯಲಿಲ್ಲ.

ಕಾಯುವವನ ನಿಜವಾದ ಸಂಕಷ್ಟ ಇದು. ಸರ್ಕಾರ ನನ್ನ ಮೇಲೆ ಯಾವ ನಿರ್ಬಂಧವನ್ನೂ ಹೇರಲಿಲ್ಲ. ಅದು ಸುಮ್ಮನಿತ್ತು. ಆ ಮೌನದಲ್ಲಿ ನನಗೆ ನಾನೇ ಪೊಲೀಸನಾದೆ. ಭಾನುವಾರದ ಫೋನನ್ನು ಹದಿನೈದು ದಿನಕ್ಕೊಮ್ಮೆ ಮಾಡಿದರೆ ಹೇಗೆ ಎಂದು ಯೋಚಿಸಿದ ಕ್ಷಣವೂ ಒಂದಿತ್ತು. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ತನಿಖಾಧಿಕಾರಿ ಬಂದದ್ದು 2018ರ ಅಕ್ಟೋಬರಿನಲ್ಲಿ. ನಿವೃತ್ತ ಪೊಲೀಸ್ ಅಧಿಕಾರಿ, ಅವರೂ ಗುತ್ತಿಗೆಯ ಮೇಲೆ ದುಡಿಯುವವರು. ಮೊದಲು ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸಿದರಂತೆ. ನನಗೆ ಬಹಳ ಹಿಂದೆ ಪಾಸ್‌ಪೋರ್ಟ್ ವಿಚಾರಣೆಗೆ ನಮ್ಮ ಊರಿಗೆ ಬಂದ ಪೇದೆಯ ನೆನಪಾಯಿತು. ಆತ ಜಗಲಿಯ ಮೇಲೆ ಕುಳಿತು ಕಾಫಿ ಕುಡಿದು, ‘ಇವರ ತಾತನ್ನ ನಾನು ಬಲ್ಲೆ’ ಎಂದು ರುಜು ಹಾಕಿ ಹೋಗಿದ್ದ. ಆತ ನಿಯಮದಂತೆ ನಡೆದನೆಂದು ಹೇಳಲಾರೆ. ವರ್ಜೀನಿಯಾದ ಅಧಿಕಾರಿ ನೀರನ್ನೂ ಮುಟ್ಟದೆ ಮೂರು ಗಂಟೆ ಪ್ರಶ್ನೆ ಕೇಳಿದರು. ಸೌಜನ್ಯದ ಮನುಷ್ಯ. ‘ತಾಯಿಯೊಡನೆ ಏನು ಮಾತಾಡುತ್ತೀರಿ?’ ಎಂದರು. ಮಳೆ, ಕೊಬ್ಬರಿ ರೇಟು, ಯಾರ ಮದುವೆ, ಯಾರ ಸಾವು ಎಂದೆ. ‘ಅವರನ್ನು ಹಿಡಿದಿಟ್ಟುಕೊಂಡು ನಿಮ್ಮಿಂದ ಏನನ್ನಾದರೂ ಕೇಳಿದರೆ?’ ಎಂದರು. ಏನು ಹೇಳಬೇಕೆಂದು ಒಂದು ವರ್ಷ ಸಿದ್ಧತೆ ಮಾಡಿಕೊಂಡಿದ್ದೆ. ಆ ಹೊತ್ತಿಗೆ ನೆನಪಾದದ್ದು ಅಪ್ಪನ ಮಾತು. ‘ನನಗೆ ಭಯವಾಗುತ್ತದೆ. ಮೊದಲು ನಿಮ್ಮವರಿಗೆ ತಿಳಿಸುತ್ತೇನೆ. ಆದರೆ ಅವರು ನನಗೆ ಮುಖ್ಯರಲ್ಲ ಎಂದು ಮಾತ್ರ ಹೇಳಲಾರೆ’ ಎಂದೆ. ಅವರು ಬರೆದುಕೊಂಡರು. ಮೂರು ಗಂಟೆಗಳಲ್ಲಿ ಅದೊಂದು ಮಾತಿಗೆ ಮಾತ್ರ ತಲೆ ಎತ್ತಿ ನೋಡಿದ್ದರು.

ಅಮೆರಿಕದ ಇತಿಹಾಸದಲ್ಲಿ ಈ ಪರವಾನಗಿಯ ಜಗಳ ಹಳೆಯದು. ಸಂಸ್ಕೃತ ಕಲಿತು ಭಗವದ್ಗೀತೆಯನ್ನು ಮೂಲದಲ್ಲೇ ಓದಿದ್ದ ಭೌತವಿಜ್ಞಾನಿ ರಾಬರ್ಟ್ ಓಪನ್‌ಹೈಮರ್ ನಮಗೆಲ್ಲ ಪರಿಚಿತರು. ಅಣುಬಾಂಬಿನ ಯೋಜನೆಯನ್ನು ಮುನ್ನಡೆಸಿದ ಅವರು ಮುಂದೆ ಅಣುಶಕ್ತಿ ಆಯೋಗಕ್ಕೆ ಗುತ್ತಿಗೆಯ ಮೇಲೆ ಸಲಹೆಗಾರರಾಗಿದ್ದರು. ಹಳೆಯ ಎಡಪಂಥೀಯ ಒಡನಾಟಗಳ ನೆಪದಲ್ಲಿ 1954ರ ಜೂನ್ 29ರಂದು, ಆ ಗುತ್ತಿಗೆ ಮುಗಿಯಲು ಒಂದೇ ದಿನ ಬಾಕಿಯಿರುವಾಗ, ಅವರ ಪರವಾನಗಿಯನ್ನು ಕಿತ್ತುಕೊಳ್ಳಲಾಯಿತು. ಆ ತೀರ್ಮಾನ ತಪ್ಪಾಗಿತ್ತೆಂದು ಅದನ್ನು ರದ್ದುಪಡಿಸಿದ್ದು 2022ರ ಡಿಸೆಂಬರಿನಲ್ಲಿ. ಅವರು ತೀರಿಕೊಂಡದ್ದು 1967ರಲ್ಲಿ.

ಓಪನ್‌ಹೈಮರ್‌ರಷ್ಟು ಹೆಸರಾಗದ ಇನ್ನೊಬ್ಬರು ವಿಲಿಯಂ ಗ್ರೀನ್. ರಕ್ಷಣಾ ಇಲಾಖೆಗೆ ಸಾಮಗ್ರಿ ಒದಗಿಸುತ್ತಿದ್ದ ಖಾಸಗಿ ಕಂಪನಿಯ ಹಿರಿಯ ವಿಮಾನ ಎಂಜಿನಿಯರ್. ತಾವು ಎಂದೂ ಕಾಣದ ಸಾಕ್ಷಿಗಳ ಹೇಳಿಕೆಯ ಮೇಲೆ 1953ರಲ್ಲಿ ಪರವಾನಗಿ ಕಳೆದುಕೊಂಡು, ಕೆಲಸವೂ ಹೋಗಿ, ಕಡಿಮೆ ಸಂಬಳಕ್ಕೆ ಕಟ್ಟಡಗಳ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1959ರಲ್ಲಿ, ಆಪಾದಿಸುವವರನ್ನು ಎದುರಿಸುವ ಅವಕಾಶ ಕೊಡದೆ ಹೀಗೆ ಮಾಡಲು ಅಧಿಕಾರ ಯಾರೂ ಕೊಟ್ಟಿಲ್ಲ ಎಂದಿತು. ಮರುವರ್ಷ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆದೇಶದಿಂದಾಗಿ ಗುತ್ತಿಗೆ ಕಂಪನಿಗಳ ನೌಕರರಿಗೆ ಲಿಖಿತ ಕಾರಣ, ಉತ್ತರ ಕೊಡುವ ಅವಕಾಶ, ವಿಚಾರಣೆ ಇವೆಲ್ಲ ದೊರೆತವು. ಪರವಾನಗಿ ಯಾರ ಹಕ್ಕೂ ಅಲ್ಲ ಎಂದು 1988ರಲ್ಲಿ ಅದೇ ಕೋರ್ಟ್ ಹೇಳಿದೆಯಾದರೂ ನಿರಾಕರಿಸಿದರೆ ಕಾರಣ ಕೇಳುವ ದಾರಿ ಇಂದಿಗೂ ತೆರೆದಿದೆ.

ಇಲ್ಲೊಂದು ಕೊರತೆಯನ್ನು ಓದುಗರು ಗಮನಿಸಬೇಕು. ಗ್ರೀನ್ ಗೆದ್ದುಕೊಟ್ಟದ್ದು ‘ಇಲ್ಲ’ ಎನಿಸಿಕೊಂಡವನ ರಕ್ಷಣೆ. ‘ಹೌದು’ ಎಂದೂ ‘ಇಲ್ಲ’ ಎಂದೂ ಹೇಳಿಸಿಕೊಳ್ಳದವನಿಗೆ ಯಾವ ಕಾರಣವನ್ನೂ ಯಾರೂ ಕೊಡಬೇಕಾಗಿಲ್ಲ. ನಿರಾಕರಣೆಗೆ ಮೇಲ್ಮನವಿ ಉಂಟು, ವಿಳಂಬಕ್ಕೆ ಇಲ್ಲ. ಆದರೆ ವರ್ಷಗಟ್ಟಲೆ ಕಾಯಿಸುವುದು ಬಹಳ ಮಂದಿಯ ಪಾಲಿಗೆ ಕಾರಣ ಹೇಳದೆಯೇ ನಿರಾಕರಿಸಿದಂತೆ. ಕೆಲಸ ಕೈ ತಪ್ಪುತ್ತದೆ, ಮನುಷ್ಯ ಸೋತು ಬೇರೆ ದಾರಿ ಹಿಡಿಯುತ್ತಾನೆ, ಕಡತ ಮುಚ್ಚುತ್ತದೆ. ಯಾರೂ ಅನ್ಯಾಯ ಮಾಡಿದಂತೆ ದಾಖಲೆಯಲ್ಲಿ ಕಾಣುವುದಿಲ್ಲ.

ನಾನು ಕಾಯುತ್ತಿದ್ದಾಗಲೇ, 2018ರ ಸೆಪ್ಟೆಂಬರ್ 14ರಂದು, ಭಾರತದ ಸುಪ್ರೀಂ ಕೋರ್ಟ್ ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪು ನೀಡಿದ ಸುದ್ದಿ ಓದಿದೆ. 1994ರ ಬೇಹುಗಾರಿಕೆ ಆರೋಪ ಹುರುಳಿಲ್ಲದ್ದೆಂದು ಸಿಬಿಐ 1996ರಲ್ಲೇ ಹೇಳಿತ್ತು. ಅದೇ ಪ್ರಕರಣದಲ್ಲಿ ಬಂಧನಕ್ಕೊಳಗಾಗಿದ್ದ ಬೆಂಗಳೂರಿನ ಕೆ. ಚಂದ್ರಶೇಖರ್ ರಷ್ಯಾದ ಬಾಹ್ಯಾಕಾಶ ಸಂಸ್ಥೆಯೊಂದರ ಭಾರತದ ಪ್ರತಿನಿಧಿಯಾಗಿದ್ದವರು. ತೀರ್ಪು ಬಂದ ದಿನ ಅವರು ಕೋಮಾದಲ್ಲಿದ್ದರು. ಎರಡು ದಿನಗಳ ನಂತರ ತೀರಿಕೊಂಡರು. ಅವರು ಅನುಭವಿಸಿದ ಸೆರೆ, ಅವಮಾನಗಳ ಮುಂದೆ ನನ್ನದು ಏನೂ ಅಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಅವಿವೇಕ ನನಗಿಲ್ಲ. ಆದರೆ ಸರ್ಕಾರದ ಅನುಮಾನ ಮನುಷ್ಯನ ಆಯುಷ್ಯಕ್ಕಿಂತ ಉದ್ದವಾಗಬಹುದೆಂಬುದು ವಾಷಿಂಗ್ಟನ್ನಿಗೂ ನಮಗೂ ಸಮಾನ ಸತ್ಯ.

2018ರ ಡಿಸೆಂಬರ್ 22ರಿಂದ 35 ದಿನ ಅಮೆರಿಕದ ಸರ್ಕಾರದ ಹಲವು ಇಲಾಖೆಗಳು ಬಾಗಿಲು ಹಾಕಿದವು. ಬಾಗಿಲು ತೆರೆದ ಮೇಲೆ ಸರ್ಕಾರಿ ನೌಕರರಿಗೆ ಆ ದಿನಗಳ ಸಂಬಳ ಬಂತು. ಅವರ ಪಕ್ಕದ ಮೇಜಿನಲ್ಲಿ ಕುಳಿತು ಅದೇ ಕೆಲಸ ಮಾಡುವ ಗುತ್ತಿಗೆ ಕಂಪನಿಗಳ ನೌಕರರಿಗೆ ಅಂಥ ಕಾನೂನಿನ ರಕ್ಷಣೆ ಇರಲಿಲ್ಲ. ನಾನು ಪ್ರವೇಶಿಸಲು ಇಷ್ಟು ಪಾಡುಪಡುತ್ತಿದ್ದ ಮನೆಯ ಹೊರಜಗಲಿ ಎಂಥದೆಂದು ಆಗ ಇನ್ನಷ್ಟು ಸ್ಪಷ್ಟವಾಯಿತು.

ಪರವಾನಗಿ ಬಂದದ್ದು 2019ರ ಮಾರ್ಚ್‌ನಲ್ಲಿ, ಅರ್ಜಿ ಕೊಟ್ಟ 19 ತಿಂಗಳಿಗೆ. ಭದ್ರತಾ ಅಧಿಕಾರಿಯಿಂದ ಎರಡು ಸಾಲಿನ ಇ-ಮೇಲ್. ಏಕೆ ತಡವಾಯಿತೆಂಬುದು ಅದರಲ್ಲಿರಲಿಲ್ಲ. ನನಗೆಂದು ಗೊತ್ತುಮಾಡಿದ್ದ ಹುದ್ದೆ ಎಂದೋ ಬೇರೆಯವರ ಪಾಲಾಗಿತ್ತು. ಕಂಪನಿ ಇನ್ನೊಂದು ಹುದ್ದೆ ಹುಡುಕಿಕೊಟ್ಟಿತು. ಮೊದಲ ಸಲ ಫೋನನ್ನು ಗೂಡಿನಲ್ಲಿಟ್ಟು ಕಿಟಕಿಯಿಲ್ಲದ ಆ ಕೋಣೆಯೊಳಗೆ ಹೋದಾಗ ಸಂತೋಷಕ್ಕಿಂತ ದಣಿವೇ ಹೆಚ್ಚಾಗಿತ್ತು. ಆ ಬೇಸಿಗೆಯಲ್ಲಿ ನಿಯಮದಂತೆ ತಿಳಿಸಿ ಊರಿಗೆ ಹೋದೆ. ಅಪ್ಪ ಕೋಲೂರಿಕೊಂಡು ಬಸ್ ನಿಲ್ದಾಣದವರೆಗೆ ಬಂದಿದ್ದರು. ‘ಪಾಸಾಯ್ತೇನಪ್ಪಾ?’ ಎಂದು ಕೇಳಿದರು. ಶಸ್ತ್ರಚಿಕಿತ್ಸೆಗೆ ಬರಲಿಲ್ಲವೇಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ಲೇಖನವನ್ನು ತಮ್ಮ ಅವರಿಗೆ ಓದಿ ಹೇಳುತ್ತಾನೆಂದು ನಂಬಿದ್ದೇನೆ.

ಅಲ್ಲಿಂದೀಚೆಗೆ ವ್ಯವಸ್ಥೆ ಬದಲಾಗಿದೆ. 2019ರ ಅಕ್ಟೋಬರಿನಲ್ಲಿ ತನಿಖೆಯ ಹೊಣೆ ರಕ್ಷಣಾ ಇಲಾಖೆಯ ಹೊಸ ಸಂಸ್ಥೆಗೆ ಹೋಯಿತು. 2020ರ ಹೊತ್ತಿಗೆ ಬಾಕಿಯ ಗುಡ್ಡ ಸುಮಾರು ಎರಡು ಲಕ್ಷಕ್ಕೆ ಇಳಿಯಿತು. ಐದು ಅಥವಾ ಹತ್ತು ವರ್ಷಕ್ಕೊಮ್ಮೆ ಮರುತನಿಖೆ ಮಾಡುವ ಬದಲು, ದಾಖಲೆಗಳನ್ನು ಕಂಪ್ಯೂಟರ್ ಮೂಲಕ ನಿರಂತರವಾಗಿ ಗಮನಿಸುವ ಪದ್ಧತಿ ಬಂದಿದೆ. ಕಾಯುವ ಕಾಲ ಎಷ್ಟು ಕಡಿಮೆಯಾದರೂ ಕಾಯುವವನಿಗೆ ಉತ್ತರ ಹೇಳುವ ಹೊಣೆ ಮಾತ್ರ ಇನ್ನೂ ಯಾರ ಹೆಗಲಿಗೂ ಬಿದ್ದಿಲ್ಲ.

ಬೆಂಗಳೂರಿನ ಓದುಗರಿಗೆ ಇದೆಲ್ಲ ದೂರದ ಕಥೆ ಎನ್ನಿಸಬಹುದು. ಆದರೆ ನಿಮ್ಮ ಮಗನೋ ಸೊಸೆಯೋ ಅಲ್ಲಿ ಇಂಥ ಅರ್ಜಿ ತುಂಬುತ್ತಿದ್ದರೆ, ಅದರಲ್ಲಿ ನಿಮ್ಮ ಹೆಸರೂ ಇರುತ್ತದೆ. ರಕ್ಷಣೆ ಮತ್ತು ಬಾಹ್ಯಾಕಾಶದ ಇಷ್ಟೊಂದು ಸಂಸ್ಥೆಗಳಿರುವ ನಮ್ಮ ನಗರದಲ್ಲೂ ಪೊಲೀಸ್ ವರದಿಗಾಗಿ ಕಾಯುತ್ತಾ ಗೇಟಿನ ಹೊರಗೆ ನಿಲ್ಲುವ ಗುತ್ತಿಗೆಯ ಹುಡುಗರಿದ್ದಾರೆ. ಅವರ ಪರವಾಗಿ ನಾನು ಕೇಳುವುದು ಮೂರೇ ಸಂಗತಿ. ಅನುಮಾನಕ್ಕೆ ಒಂದು ಅವಧಿ ಗೊತ್ತುಮಾಡಿ. ಆ ಅವಧಿ ಮೀರಿದರೆ ಕಡತ ಎಲ್ಲಿ ನಿಂತಿದೆ ಎಂದು ಹೇಳಿ. ಕಾಯುವ ಕಾಲದಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. 2018ರ ಏಪ್ರಿಲ್‌ನಲ್ಲಿ ನನ್ನ ಕೈಯಲ್ಲಿ ಆ ಹಾಳೆ ಇದ್ದಿದ್ದರೆ, ನಾನು ತುಮಕೂರಿನ ಆಸ್ಪತ್ರೆಯಲ್ಲಿ ಅಪ್ಪನ ಹಾಸಿಗೆಯ ಪಕ್ಕದಲ್ಲಿರುತ್ತಿದ್ದೆ. ಅದರಿಂದ ಯಾವ ದೇಶದ ಭದ್ರತೆಗೂ ಧಕ್ಕೆಯಾಗುತ್ತಿರಲಿಲ್ಲ.